ಅಕ್ಕನ ಕಣ್ಣಿಗೆ ನಂದಿಬಟ್ಟಲು

ನೀರಲ್ಲಿ ನೆನೆಸಿದ ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಗಳ ಮೇಲಿಟ್ಟುಕೊಂಡು ನೀವು ಎಂದಾದರೂ ಮಲಗಿದ್ದೀರಾ? ಇಲ್ಲವೆಂದರೆ ನೀವು ಭದ್ರಾವತಿಯ ನ್ಯೂ ಟೌನಿನವರಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಗೇಟಿಲ್ಲದ ಮನೆಗಳಿದ್ದವು, ನಂದಿಬಟ್ಟಲು ಗಿಡವಿಲ್ಲದ ಮನೆಯಿರಲಿಲ್ಲ. ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಪಾಳಿ ಮುಗಿಸಿ ಬಂದ ಅಪ್ಪ ಸ್ನಾನ ಮಾಡಿ ಚಾಪೆಯ ಮೇಲೆ ಅಂಗಾತ ಮಲಗಿದರೆ, ಅಮ್ಮ ಆ ಕೆಂಗಣ್ಣುಗಳ ಮೇಲೆ ತಣ್ಣನೆಯ ಹೂಗಳನ್ನಿಡುತ್ತಿದ್ದಳು. ಪಕ್ಕದಲ್ಲೇ ಅಕ್ಕನೂ ಕಣ್ಣು ಮುಚ್ಚಿ, ತನ್ನ ಪಾಲಿನ ಹೂವಿಗಾಗಿ ಕಾಯುತ್ತ ಮಲಗಿರುತ್ತಿದ್ದಳು.

ಅಕ್ಕನ ಕಣ್ಣಿನ ಬಿಳಿಯಲ್ಲಿ ನೂಲಿನೆಳೆಯಂಥ ಕೆಂಪು ಗೆರೆಗಳಿದ್ದವು. ನಮ್ಮೂರಿನಲ್ಲಿ ಒಗೆದ ಬಟ್ಟೆ ಕಪ್ಪಾದರೂ, ಮಗು ಕೆಮ್ಮಿದರೂ, ಕಣ್ಣು ಕೆಂಪಾದರೂ ಕಾರಣ ಒಂದೇ, ಚಿಮಣಿಯ ಧೂಳು. ಅಪ್ಪನ ಕಣ್ಣು ರಜೆಯ ದಿನ ತಿಳಿಯಾಗುತ್ತಿತ್ತು. ಅಕ್ಕನದು ಬೇಸಿಗೆಯಿಡೀ ಹೊಳೆಹೊನ್ನೂರಿನ ಅಜ್ಜಿಯ ಮನೆಯಲ್ಲಿದ್ದರೂ ಆಗುತ್ತಿರಲಿಲ್ಲ. ಎಲ್ಲರೂ ನೋಡಿದ್ದೆವು, ಯಾರೂ ಯೋಚಿಸಿರಲಿಲ್ಲ. ಅವಳ ಕೈ ನಡುಗಿ ಕಾಫಿ ಚೆಲ್ಲಿದರೆ ‘ಭೂಕಂಪ ಬಂತು’ ಎಂದು ಮನೆಯವರೆಲ್ಲ ನಗುತ್ತಿದ್ದೆವು, ಮೊದಲು ನಗುತ್ತಿದ್ದವಳು ಅವಳೇ. ಆ ನಗು ಈಗಲೂ ನನಗೆ ಇಷ್ಟ.

ದೊಡ್ಡವಳಾದ ಮೇಲೆ ಜನ್ನಾಪುರದ ಶಿಶುವಿಹಾರದಲ್ಲಿ ಹಾಡು ಹೇಳಿಕೊಡುತ್ತಿದ್ದಳು. ಮೂವತ್ತು ದಾಟಿದಾಗ ಎದೆಯಲ್ಲಿ ಗಂಟು ಕಾಣಿಸಿತು. ಅಪ್ಪ ಆಗಲೇ ತೀರಿಕೊಂಡಿದ್ದರು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಗಿ, ದೂರದ ಊರಿನಲ್ಲಿ ವಿಕಿರಣ ಚಿಕಿತ್ಸೆಗೆ ದಿನ ನಿಗದಿಯಾಯಿತು. ಯಂತ್ರದ ಕೆಳಗೆ ಅಲುಗಾಡದೆ ಮಲಗಬೇಕಲ್ಲ, ನಡುಕಕ್ಕೊಂದು ಮಾತ್ರೆ ಬರೆಸಿಕೊಂಡು ಬನ್ನಿ ಎಂದು ನಮ್ಮನ್ನು ನರರೋಗದ ವೈದ್ಯರ ಬಳಿಗೆ ಕಳಿಸಿದರು. ಆ ಹಿರಿಯರು ಅವಳನ್ನು ನಡೆಸಿ ನೋಡಿದರು, ಮಾತಾಡಿಸಿದರು, ಕಣ್ಣಿಗೆ ಟಾರ್ಚ್ ಬಿಟ್ಟರು.

“ಈ ಕೆಂಪು ಯಾವಾಗಿಂದ ಇದೆ?”

“ಅದು ಫ್ಯಾಕ್ಟರಿ ಧೂಳು ಸಾರ್. ನಮ್ ನ್ಯೂ ಟೌನಲ್ಲಿ ಎಲ್ಲರ ಕಣ್ಣೂ ಹಂಗೇ,” ಎಂದಳು ಅಮ್ಮ.

ವೈದ್ಯರು ಟಾರ್ಚನ್ನು ಅಮ್ಮನತ್ತ ತಿರುಗಿಸಿದರು, ಆಮೇಲೆ ನನ್ನತ್ತ. “ನಿಮ್ಮಿಬ್ಬರ ಕಣ್ಣು ಬೆಳ್ಳಗಿದೆಯಲ್ಲಮ್ಮ. ನೀವೂ ಅಲ್ಲೇ ಇದ್ದವರಲ್ವಾ?”

ಅಮ್ಮ ಬಗ್ಗಿ ಅಕ್ಕನ ಕಣ್ಣನ್ನೇ ನೋಡಿದಳು.

“ರೇಡಿಯೇಷನ್ ಸದ್ಯ ಬೇಡ. ರಿಪೋರ್ಟ್ ಬರೋ ತನಕ ಎಕ್ಸ್‌ರೇನೂ ತೆಗೆಸ್ಬೇಡಿ.”

ಪರೀಕ್ಷೆಗೆಂದು ಬೆಂಗಳೂರಿಗೆ ಹೋದ ರಕ್ತ ಅವರ ಅನುಮಾನವನ್ನೇ ನಿಜ ಮಾಡಿತು. ನಾಲಗೆ ತಿರುಗದ ಹೆಸರು, ಅಟಾಕ್ಸಿಯ ಟೆಲಾಂಜಿಯೆಕ್ಟೇಸಿಯ. ಕಣ್ಣಿನ ಕೆಂಪು ಗೆರೆ, ಕೈಯ ನಡುಕ, ಎಳೆದೆಳೆದು ಆಡುವ ಮಾತು ಎಲ್ಲವೂ ಅದರವೇ. ಪುಸ್ತಕದ ಪ್ರಕಾರ ಈ ಕಾಯಿಲೆಯ ಮಗು ಹತ್ತರ ಆಸುಪಾಸಿಗೇ ಗಾಲಿಕುರ್ಚಿ ಹಿಡಿಯುತ್ತದಂತೆ. ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದ ನಮ್ಮಕ್ಕ ಪುಸ್ತಕದಂತಿರಲಿಲ್ಲ, ಹಾಗಾಗಿ ಯಾವ ವೈದ್ಯರ ಕೈಗೂ ಸಿಕ್ಕಿರಲಿಲ್ಲ. ಇಂಥವರ ಜೀವಕೋಶಗಳು ವಿಕಿರಣದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳಲಾರವು. ಗುಣಪಡಿಸಬೇಕಾದ ಚಿಕಿತ್ಸೆಯೇ ಅವಳನ್ನು ಕೊಲ್ಲಬಹುದಿತ್ತು. ತಂದೆಯಿಂದೊಂದು, ತಾಯಿಯಿಂದೊಂದು ದೋಷ ಬಂದು ಸೇರಿದರೆ ಮಾತ್ರ ಬರುವ ಕಾಯಿಲೆಯಿದು ಎಂದಾಗ ಅಮ್ಮ ಬಹಳ ಹೊತ್ತು ಅತ್ತಳು. ಪಾಪ, ಧೂಳನ್ನಾದರೆ ಬೈಯಬಹುದಿತ್ತು.

ವಿಕಿರಣವಿಲ್ಲದೆ, ಅಳೆದು ತೂಗಿ ಕೊಟ್ಟ ಔಷಧಿಯಲ್ಲೇ ಅಕ್ಕ ಉಳಿದಳು. ಈಗ ಶಿವಮೊಗ್ಗದಲ್ಲಿ ನನ್ನ ಜೊತೆಗಿದ್ದಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ನ್ಯೂ ಟೌನಿನಿಂದ ತಂದ ನಂದಿಬಟ್ಟಲಿನ ಟೊಂಗೆ ನಮ್ಮ ಬಾಗಿಲಲ್ಲಿ ಗಿಡವಾಗಿದೆ. ಸಂಜೆಯಾದರೆ ಅವಳಿಗೆ ಇಂದಿಗೂ ಕಣ್ಣ ಮೇಲೆ ಹೂ ಬೇಕು. ಮೊನ್ನೆ ಕೇಳಿಯೇಬಿಟ್ಟೆ, “ಇದ್ರಿಂದ ಕೆಂಪು ಹೋಗಲ್ಲ ಅಂತ ಗೊತ್ತಾಯ್ತಲ್ಲ, ಇನ್ನೂ ಯಾಕಕ್ಕಾ?”

“ಕೆಂಪು ಹೋಗ್ಲಿ ಅಂತ ಯಾರು ಇಟ್ಕೋತಾರೆ ಮಾರಾಯ್ತಿ,” ಎಂದಳು, ಎಂದಿನ ಎಳೆದೆಳೆದ ಮಾತಿನಲ್ಲಿ. “ಹೂ ಇಟ್ಕೊಂಡು ಕಣ್ಮುಚ್ಚಿದ್ರೆ ಪಕ್ಕದಲ್ಲಿ ಅಪ್ಪ ಮಲಗಿರ್ತಾರೆ.”

ನಾನು ಒಳಗೆ ಹೋಗಿ ಇನ್ನೆರಡು ಹೂ ನೆನೆಸಿಕೊಂಡು ಬಂದು, ಅವಳ ಪಕ್ಕ ಚಾಪೆ ಹಾಸಿದೆ.