ಅವ್ವನ ವಿಡಿಯೋಗೆ ಚೆಂಡುಹೂವಿನ ಬಾರ್ಡರ್

ಅಜ್ಜಂಪುರದ ಬಸ್‌ಸ್ಟ್ಯಾಂಡ್ ಪಕ್ಕ ಡಿಟಿಪಿ ಅಂಗಡಿ ಇಟ್ಟಿರುವ ದಾಕ್ಷಾಯಿಣಿಗೆ ಬಾರ್ಡರ್ ಎಂದರೆ ವಾಕರಿಕೆ. ಮದುವೆಯಾಗಲಿ, ಸಾವಾಗಲಿ, ಸ್ಲೈಡಿನಲ್ಲಿ ವಿಡಿಯೋ ಕೂರಿಸಿದರೆ ಜನಕ್ಕೆ ಸಾಲದು, ಸುತ್ತ ಬಳ್ಳಿಯೋ ನವಿಲೋ ಮೆತ್ತಲೇಬೇಕು. ಹೊಟ್ಟೆಪಾಡು ಎಂದು ಹಲ್ಲು ಕಚ್ಚಿಕೊಂಡು ಮೆತ್ತುತ್ತಾಳೆ.

ಮೊನ್ನೆ ಈರುಳ್ಳಿ ಮಂಡಿಯ ಗಂಗಾಧರಪ್ಪ ಮಗನನ್ನು ಕರೆದುಕೊಂಡು ಬಂದ. ತೀರಿಕೊಂಡ ತಾಯಿಯ ಶಿವಗಣಾರಾಧನೆಗೆ ಬರುವ ನೆಂಟರಿಗೆ ಟಿವಿಯಲ್ಲಿ ತೋರಿಸಲು ಸ್ಲೈಡ್ ಬೇಕಿತ್ತು. ಅವ್ವನದೆಂದು ಇದ್ದದ್ದು ಒಂದೇ ವಿಡಿಯೋ, ಅದೂ ಪಕ್ಕದ ಮನೆಯವರು ತೆಗೆದದ್ದು. ದಾಕ್ಷಾಯಿಣಿ ಸುತ್ತ ಚೆಂಡುಹೂವಿನ ಬಾರ್ಡರ್ ಹಾಕಿದಳು.

"ಇನ್ನೊಂಚೂರು ದಪ್ಪ ಮಾಡಮ್ಮ."

ಮಾಡಿದಳು.

"ಇನ್ನೂ ದಪ್ಪ. ಆ ಗೋಣಿಚೀಲ ಕಾಣ್ತೈತೆ. ಹಿಂದ್ಲ ದನಾನೂ ಮುಚ್ಚು. ನೋಡ್ದೋರು ಏನಂತಾರೆ?"

ಮುದುಕಿ ಮಲಗಿದ್ದದ್ದು ಕೊಟ್ಟಿಗೆಯಲ್ಲಿ ಎಂದು ಅವಳಿಗೆ ಆಗ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಹೂವನ್ನು ಮುಖದವರೆಗೂ ತಂದು, ಬೇಕೆಂದೇ ಸೌಂಡ್ ಜೋರು ಮಾಡಿದಳು.

"ಗಂಗಾ, ಚಳಿ ಕಣೋ ಮಗಾ, ಒಳೀಕೆ ಕರ್ಕೊಳ್ಳೋ."

ಗಂಗಾಧರಪ್ಪ ಕಣ್ಣೂ ಮಿಟುಕಿಸಲಿಲ್ಲ. "ಆ ಸೌಂಡ್ ತೆಗ್ದು ಒಂದೊಳ್ಳೆ ವಚನ ಹಾಕ್ಬಿಡಮ್ಮ," ಎಂದ.

ದಾಕ್ಷಾಯಿಣಿ ಪೆನ್‌ಡ್ರೈವ್ ಕಿತ್ತು ಅವನ ಮುಂದೆ ಎಸೆದಳು. "ಆ ಕೊಟ್ಟಿಗೆ ಮಾತ್ರ ಕೆಡವ್ಬೇಡಿ ಕಣ್ರೀ. ನಿಮ್ ಮಗ ಇಲ್ಲೇ ನಿಂತು ಎಲ್ಲಾ ನೋಡ್ತಾವ್ನೆ."