ಸೇತುವೆಯ ಕೆಳಗಿನ ಸಾಹೇಬರು

ಶಾಸಕರಾದ ಮೇಲೂ ಗುಬ್ಬಿಯ ಜನಕ್ಕೆ ನಾಗಭೂಷಣ್ ಇಂಜಿನಿಯರ್ ಸಾಹೇಬ್ರೇ ಆಗಿದ್ದರು. ಕುಣಿಗಲ್ಲಿನ ಸರ್ಕಾರಿ ಕೆಲಸ ಬಿಟ್ಟು ತೊಂಬತ್ತರ ದಶಕದಲ್ಲಿ ಚುನಾವಣೆ ಗೆದ್ದವರು, ಜುಬ್ಬದ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಮದುವೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಚಪ್ಪರದ ಕಂಬ ಅಲುಗಿಸಿ ನೋಡುವರು. ಹೆಂಡತಿ ಸ್ವರ್ಣಲತಾ ನಾಚಿಕೆಯಿಂದ ದೂರ ಸರಿಯುವರು. ಸೇತುವೆ ಉದ್ಘಾಟನೆಯಾದರಂತೂ ರಿಬ್ಬನ್ ಕತ್ತರಿಸಿ, ಕಂಟ್ರಾಕ್ಟರನ ಹೆಗಲಿಗೆ ಕೈಹಾಕಿ ನೇರವಾಗಿ ಹಳ್ಳಕ್ಕೆ ಇಳಿಯುವರು. "ಬಾರಯ್ಯ, ಕಟ್ಟಿದೋರು ಕೆಳಗೆ ನಿಂತ್ಕೋಬೇಕು" ಎಂದು, ಜಲ್ಲಿ ತುಂಬಿದ ಮೊದಲ ಲಾರಿ ತಲೆಯ ಮೇಲೆ ದಾಟುವವರೆಗೂ ಅವನನ್ನು ಬಿಡುತ್ತಿರಲಿಲ್ಲ. ಆ ಕಾಲದಲ್ಲಿ ಸಿಮೆಂಟ್ ಕಡಿಮೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಸೋತ ಮರುವರ್ಷ ಊರಾಚೆ ಇನ್ನೊಂದು ಸೇತುವೆಯಾಯಿತು. ಕರೆಯದಿದ್ದರೂ ಹೋಗಿ ಕೆಳಗೆ ಒಬ್ಬರೇ ನಿಂತರು. ಕಂಟ್ರಾಕ್ಟರ್ ಮೇಲೆ, ಹೊಸ ಶಾಸಕರ ಪಕ್ಕದಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದ. ಲಾರಿಯ ಸದ್ದು ಹತ್ತಿರವಾದಾಗ ಸ್ವರ್ಣಲತಾ ಸೀರೆಯ ನೆರಿಗೆ ಎತ್ತಿ ಹಿಡಿದು ಹಳ್ಳಕ್ಕೆ ಇಳಿದು ಬಂದರು. "ನೀನ್ ಮೇಲೆ ಹೋಗೇ, ಇದು ನಾನು ಕಟ್ಸಿದ್ದಲ್ಲ" ಎಂದರು ಸಾಹೇಬರು. "ಗೊತ್ತು ಕಣ್ರೀ, ಅದಕ್ಕೇ ಬಂದೆ" ಎಂದು ಆಕೆ ಅವರ ತೋಳಿಗೆ ಒತ್ತಿಕೊಂಡು ನಿಂತರು.