ಕಿಕ್ಕೇರಿಯಲ್ಲಿ ಶಾರ್ಕಿನ ರೆಕ್ಕೆ ಹುಡುಕಿದ್ದು

ಶಾರ್ಕ್ ಮೀನಿನ ರೆಕ್ಕೆ ಮಾರಬಾರದು ಅಂತ ಸುತ್ತೋಲೆ ಬಂದಾಗ ನಮ್ಮ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಎಲ್ಲರೂ ನಕ್ಕರು. ಕೆ.ಆರ್. ಪೇಟೆಗೂ ಸಮುದ್ರಕ್ಕೂ ಏನು ಸಂಬಂಧ? ಆದರೂ ಒಂದು ಪೋಸ್ಟರು ಕೊಟ್ಟು, ಹೋಗಿ ನೋಡಿ ಬಾ ಅಂತ ನನ್ನನ್ನು ಕಳಿಸಿದರು.

ನಮ್ಮ ತಾಲ್ಲೂಕಿನದೇ ಆದ ಕಿಕ್ಕೇರಿಯ ಬಸ್ ಸ್ಟ್ಯಾಂಡಿನ ಪಕ್ಕ ಒಬ್ಬ ಹೆಂಗಸು ಐಸಿನ ಪೆಟ್ಟಿಗೆ ಇಟ್ಟುಕೊಂಡು ಸಮುದ್ರದ ಮೀನು ಮಾರುತ್ತಿದ್ದಳು. ಅದರಲ್ಲಿ ತಲೆ, ಬಾಲ, ರೆಕ್ಕೆ ಏನೂ ಇಲ್ಲದ ಮೊಳದುದ್ದದ ಬೂದು ಮೀನುಗಳಿದ್ದವು. ಚರ್ಮ ಮುಟ್ಟಿದೆ, ಉಪ್ಪುಕಾಗದದಂತೆ ಒರಟಾಗಿತ್ತು. ಶಾರ್ಕಿನ ಮರಿಗಳು.

“ಇದೇನಕ್ಕ?” ಅಂದೆ.

“ಮುಳ್ಳಿಲ್ದಿರೋ ಮೀನು ಸಾ. ಮಕ್ಳು ಎಂಗ್ ತಿಂದ್ರೂ ಗಂಟ್ಲಿಗೆ ಸಿಕ್ಕಾಕೊಳಕಿಲ್ಲ.”

“ಇದರ ರೆಕ್ಕೆ ಎಲ್ಲಿ?”

“ಇದುಕ್ಕೆಲ್ಲಿ ರೆಕ್ಕೆ? ಗಾಡೀಲಿ ಇಂಗೇ ಬತ್ತದೆ. ಅತ್ತು ವರ್ಸದಿಂದ ಮಾರ್ತಾ ಇವ್ನಿ.”

ನಾನು ಪೋಸ್ಟರು ಬಿಚ್ಚಿ ತೋರಿಸಿದೆ. ನೀಲಿ ನೀರಿನಲ್ಲಿ ರೆಕ್ಕೆ ಚಾಚಿಕೊಂಡು ಹೋಗುತ್ತಿದ್ದ ಮೀನನ್ನು ಅವಳು ತುಂಬಾ ಹೊತ್ತು ನೋಡಿದಳು.

“ಇದಾ ಅದು? ಇಷ್ಟ್ ಚೆಂದಾಗಿತ್ತಾ ಸಾ?” ಅಂದಳು.

ನಾನು ಪೋಸ್ಟರು ಸುತ್ತಿಕೊಂಡೆ. ಬೆಲೆಬಾಳುವ ರೆಕ್ಕೆಯನ್ನು ಕಡಲ ದಂಡೆಯಲ್ಲೇ ಯಾರೋ ಕತ್ತರಿಸಿಕೊಂಡು, ಉಳಿದದ್ದನ್ನು ಇಲ್ಲಿಗೆ ಕಳಿಸಿದ್ದರು. ಉಳಿದದ್ದರ ಬಗ್ಗೆ ಸುತ್ತೋಲೆಯಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಶಾರ್ಕಿನ ರೆಕ್ಕೆ ಮಾರಾಟ ಕಂಡುಬಂದಿಲ್ಲ ಎಂದು ಅವತ್ತೇ ಬರೆದುಕೊಟ್ಟೆ. ನನ್ನ ನೌಕರಿಯಲ್ಲಿ ಅಷ್ಟು ಸತ್ಯವಾದ ವರದಿ ಇನ್ನೊಂದು ಬರೆದಿಲ್ಲ.